ಹಿಮ್ಮಡಿ ಗುರುತು

ಹೆಸರಿಗೆ ಅದು ವಿಮಾನ ಇಳಿಯುವ ಮೈದಾನ. ಗೊತ್ತಿಲ್ಲದವರು ದನ ಮೇಯಿಸುವ ಬಯಲು ಅಂದುಕೊಂಡು ಮುಂದೆ ಹೋಗುತ್ತಿದ್ದರು. ಒಂಬೈನೂರು ಮೀಟರು ಉದ್ದದ ಹುಲ್ಲು. ಒಂದು ತುದಿಯಲ್ಲಿ ತಗಡಿನ ಶೆಡ್ಡು, ಅದಕ್ಕೆ ಒರಗಿಕೊಂಡಂತೆ ಎರಡು ಕೋಣೆ, ಕಂಬದ ಮೇಲೆ ಕೆಂಪು ಬಿಳಿ ಪಟ್ಟೆಯ ಗಾಳಿಚೀಲ. ಇನ್ನೊಂದು ತುದಿಯಲ್ಲಿ ಒಂದು ಕಾಲುವೆ ಇತ್ತು. ಈಗ ಅದು ಮುಚ್ಚಿಹೋಗಿ, ಅದರಾಚೆ ಮನೆಗಳು ಎದ್ದಿವೆ.

ಶೆಡ್ಡಿನ ಪಕ್ಕದ ಎರಡು ಕೋಣೆಗಳಲ್ಲಿ ಮುಂದಿನದು ಆಫೀಸು, ಹಿಂದಿನದು ಅಕ್ಕನ ಮನೆ. ಅಕ್ಕ ಅಂದರೆ ಹುಟ್ಟಿನಿಂದ ಒಬ್ಬನಿಗೇ ಅಕ್ಕ, ಅವಳ ತಮ್ಮನಿಗೆ. ಅವನು ಕರೆಯುವುದನ್ನು ಕೇಳಿ ಕೇಳಿ ಅಲ್ಲಿಗೆ ಬರುವ ಪೈಲಟ್‌ಗಳೆಲ್ಲ ಹಾಗೇ ಕರೆಯಲು ಶುರುಮಾಡಿದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಮಿಡತೆಯೂ ಅಕ್ಕಾ ಅನ್ನುತ್ತಿದ್ದ. ಹೊಲಗಳಿಗೆ ಔಷಧಿ ಸಿಂಪಡಿಸುವ ಹಳದಿ ವಿಮಾನ ಅವನದು. ನೆಲಕ್ಕೆ ತಾಗಿದ ಮೇಲೆ ತಪ್ಪದೆ ಮೂರು ಸಲ ಕುಪ್ಪಳಿಸಿಯೇ ಅದು ಓಡುತ್ತಿದ್ದದ್ದು, ಅದಕ್ಕೇ ಆ ಹೆಸರು.

"ನಲವತ್ತು ವರ್ಷ ಆಯ್ತು, ಇನ್ನೂ ಒಂದೇ ಸಲಕ್ಕೆ ಇಳಿಯೋಕೆ ಬರಲ್ವಲ್ಲ ನಿನಗೆ," ಎಂದು ಅಕ್ಕ ಅಣಕಿಸಿದರೆ, "ಒಂದು ಸಲ ಇಳಿದ್ರೆ ಒಂದೇ ಸಲ ಇಳಿದ ಹಾಗೆ. ನಿನ್ನ ನೆಲಕ್ಕೆ ಮೂರು ಸಲ ಮರ್ಯಾದೆ ಕೊಡ್ತೀನಿ," ಅನ್ನುತ್ತಿದ್ದ.

ಮೈದಾನ ಮಾಡಿದವನು ಅಪ್ಪ. ಅವನ ಕಾಲದಲ್ಲಿ ವಾರಕ್ಕೆ ಏಳೆಂಟು ವಿಮಾನ ಇಳಿಯುತ್ತಿದ್ದವು. ಹಾರಲು ಕಲಿಯುವವರು, ಔಷಧಿ ಸಿಂಪಡಿಸುವವರು, ದೂರದ ಊರುಗಳಿಗೆ ಹೋಗುವ ಕಣ್ಣಿನ ಡಾಕ್ಟರು, ಸುಮ್ಮನೆ ಚಹಾ ಕುಡಿಯಲು ಬರುವವರು. ಆಫೀಸಿನ ಗೋಡೆಯ ನಕ್ಷೆಯಲ್ಲಿ, ಒಂದು ಗಂಟೆ ಹಾರಿದರೆ ಸಿಗುವ ಇಂಥ ಮೈದಾನಗಳಿಗೆಲ್ಲ ಅಪ್ಪ ಒಂದೊಂದು ಗುಂಡುಸೂಜಿ ಚುಚ್ಚಿದ್ದ. ಈ ಮೈದಾನವೂ ಸೇರಿ ಹನ್ನೊಂದು ಸೂಜಿ. ಒಂದರ ಮೇಲೆ ಗೋದಾಮು ಬಂತು. ಒಂದರ ಮೇಲೆ ಹೆದ್ದಾರಿ ಹೋಯಿತು. ಇನ್ನೊಂದರಲ್ಲಿ ಮುದುಕ ಪೈಲಟ್ ಸತ್ತ ಮೇಲೆ ಹುಲ್ಲು ಕತ್ತರಿಸುವವರೇ ಇಲ್ಲದೆ ಎರಡೇ ವರ್ಷದಲ್ಲಿ ಪೊದೆ ಬೆಳೆಯಿತು. ಔಷಧಿ ಸಿಂಪಡಿಸಲು ಡ್ರೋನು ಬಂದವು. ಹಾರಲು ಕಲಿಯುವವರು ಕಾಂಕ್ರೀಟಿನ ದೊಡ್ಡ ನಿಲ್ದಾಣಕ್ಕೆ ಹೋದರು. ಇಂಧನದ ಲಾರಿಯವನು, ಎರಡು ಪೀಪಾಯಿಗಾಗಿ ಅಷ್ಟು ದೂರ ಬರಲ್ಲ ಎಂದು ಕೈ ತೊಳೆದುಕೊಂಡ. ಒಂದೊಂದು ಮೈದಾನ ಮುಚ್ಚಿದ ಸುದ್ದಿ ಬಂದಾಗಲೂ ಅಕ್ಕ ಒಂದೊಂದು ಸೂಜಿ ಕಿತ್ತಳು. ಈಗ ನಕ್ಷೆಯಲ್ಲಿ ಹತ್ತು ತೂತು, ಒಂದು ಸೂಜಿ.

ಆ ಒಂದು ಸೂಜಿಗೂ ಕಾಗದ ಬಂತು. ವರ್ಷದಲ್ಲಿ ಒಂದು ವಿಮಾನವಾದರೂ ಬಂದು ಇಳಿದು, ನಿಂತು, ಅದರ ಪೈಲಟ್ ಮೈದಾನದ ಪುಸ್ತಕದಲ್ಲಿ ಸಹಿ ಹಾಕಿರಬೇಕು. ಇಲ್ಲವಾದರೆ ಲೈಸೆನ್ಸು ರದ್ದು. ನಿಮ್ಮ ಪುಸ್ತಕದಲ್ಲಿ ಈ ವರ್ಷ ಒಂದೂ ಇಲ್ಲ. ಈ ತಿಂಗಳ ಮೂವತ್ತನೇ ತಾರೀಖು ಸೂರ್ಯ ಮುಳುಗುವವರೆಗೆ ಗಡುವು.

ಲೈಸೆನ್ಸು ಹೋದರೆ ಬರೀ ಒಂದು ಕಾಗದ ಹೋಗುವುದಲ್ಲ. ವಿಮಾನ ಇಳಿಯುವ ಮೈದಾನವಾಗಿ ಇರುವಷ್ಟು ದಿನ ಈ ಜಾಗವನ್ನು ಯಾರೂ ಮಾರುವಂತಿಲ್ಲ, ಮಗಳು ಇಲ್ಲೇ ಇದ್ದು ನೋಡಿಕೊಳ್ಳಬೇಕು, ಲೈಸೆನ್ಸು ಹೋದ ದಿನ ಮಗನಿಗೆ ಅರ್ಧ ಮಗಳಿಗೆ ಅರ್ಧ ಎಂದು ಅಪ್ಪ ಬರೆದಿಟ್ಟು ಹೋಗಿದ್ದ. ತಮ್ಮ ಆ ಅರ್ಧಕ್ಕೆ ಆಗಲೇ ಗಿರಾಕಿ ನೋಡಿಟ್ಟಿದ್ದ. ನಡುವೆ ಕತ್ತರಿಸಿದರೆ ನಾನೂರೈವತ್ತು ಮೀಟರು. ಅಷ್ಟರಲ್ಲಿ ಗಾಳಿಪಟ ಇಳಿಸಬಹುದು, ವಿಮಾನ ಇಳಿಸಲು ಆಗುವುದಿಲ್ಲ. ಅಕ್ಕನಿಗೆ ನಲವತ್ತೇಳು. ಇಪ್ಪತ್ತೈದು ವರ್ಷದಿಂದ ಹುಲ್ಲು ಕತ್ತರಿಸುವುದು, ಗಾಳಿಚೀಲ ಹೊಲಿಯುವುದು, ನೆಲ ನೋಡುವುದು ಬಿಟ್ಟು ಅವಳು ಬೇರೆ ಕೆಲಸ ಮಾಡಿದವಳಲ್ಲ. ಮೈದಾನ ಹೋದರೆ ಅರ್ಧ ಜಮೀನು ಬಂದರೂ ಅವಳಿಗೆ ಮಾಡಲು ಏನೂ ಉಳಿಯುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ನೆಲ ನೋಡುವುದು ಅಂದರೆ ಹೀಗೆ. ಮಳೆ ಬಿದ್ದ ಮೇಲೆ ವಿಮಾನ ಇಳಿಯುವುದಿದ್ದರೆ, ಮೊದಲು ಒಬ್ಬರು ಆ ತುದಿಯಿಂದ ಈ ತುದಿಯವರೆಗೆ ನಡೆಯಬೇಕು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು, ಮೈ ಭಾರವನ್ನೆಲ್ಲ ಒಂದು ಹಿಮ್ಮಡಿಯ ಮೇಲೆ ಹಾಕಿ ಒತ್ತಬೇಕು. ಹತ್ತು ಎಣಿಸಬೇಕು. ಅಷ್ಟರಲ್ಲಿ ಗುರುತಿನೊಳಗೆ ನೀರು ಜಿನುಗಿದರೆ ನೆಲ ಮೆತ್ತಗಿದೆ, ಇಳಿಯುವ ಹಾಗಿಲ್ಲ. ಹುಲ್ಲಿನ ಮೇಲ್ಮೈ ನೋಡಿ ಹೇಳಲು ಬರುವುದಿಲ್ಲ. ಮೇಲೆ ಒಣಗಿ ಗರಿಗರಿಯಾಗಿದ್ದು ಕೆಳಗೆ ಅಂಬಲಿಯಂತೆ ಇರಬಹುದು. ಚಕ್ರ ಹೂತರೆ ವಿಮಾನ ಮೂಗು ಮುಂದಾಗಿ ಮಗುಚುತ್ತದೆ. ಒಂಬೈನೂರು ಮೀಟರಿಗೆ ಅರವತ್ತು ಗುರುತು. ಪೈಲಟ್ ಮೇಲಿನಿಂದ ಒಂದೇ ಸಲ ಕೇಳಬೇಕು, ನೆಲ ನೋಡಿದವರು ಒಂದೇ ಸಲ ಹೇಳಬೇಕು, ಅಲ್ಲಿಗೆ ಮುಗಿಯಿತು. ವಾದ ಇಲ್ಲ. ಇದು ಅಪ್ಪ ಹಾಕಿದ ಕಟ್ಟು. ಆಮೇಲೆ ಪುಸ್ತಕದಲ್ಲಿ ಬರೆಯಬೇಕು: ಬಂದ ಹೊತ್ತು, ಹೋದ ಹೊತ್ತು, ಪೈಲಟ್ ಸಹಿ, ನೆಲ ನೋಡಿದವರು ಯಾರು. ಆ ಪುಸ್ತಕದಲ್ಲಿ ಚಕ್ರ ಉರುಳದೆ ಒಂದಕ್ಷರ ಬೀಳಬಾರದು ಎಂದು ಅಪ್ಪ ಹೇಳುತ್ತಿದ್ದ.

ಹೇಳುತ್ತಿದ್ದವನೇ ಅದರಲ್ಲಿ ಒಂದು ಸುಳ್ಳು ಬರೆದ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ತಮ್ಮನಿಗೆ ಇಪ್ಪತ್ತು ತುಂಬಿತ್ತು, ಹಾರಲು ಕಲಿಯುತ್ತಿದ್ದ. ಒಂದು ಬುಧವಾರ ಮಧ್ಯಾಹ್ನ ಮಳೆ ನಿಂತ ಮೇಲೆ ಇನ್ನೊಂದು ಮೈದಾನದಿಂದ ಒಬ್ಬನೇ ಹಾರಿ ವಾಪಸ್ ಬರುವುದಿತ್ತು. ಅಪ್ಪ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ನೆಲ ನೋಡಿ ಬಾ ಎಂದು ಅಕ್ಕನನ್ನು ಕಳಿಸಿದ. ಬುಧವಾರ ನಾಲ್ಕು ಗಂಟೆಗೆ ಅವಳಿಗೆ ಒಂದು ಫೋನು ಬರುತ್ತಿತ್ತು. ಯಾರದು ಎಂದು ಮನೆಯಲ್ಲಿ ಹೇಳಿರಲಿಲ್ಲ. ಮೂವತ್ತನೇ ಗುರುತು ಒತ್ತುವ ಹೊತ್ತಿಗೆ ಆಫೀಸಿನಲ್ಲಿ ಫೋನು ಹೊಡೆದುಕೊಳ್ಳುವುದು ಕೇಳಿಸಿತು. ಮೂವತ್ತೂ ಒಣಗಿದ್ದವು. ಅವಳು ಓಡಿ ಬಂದಳು. ಮಾತಾಡಿದಳು, ನಕ್ಕಳು, ಹೊರಗೆ ಬಂದು ಆಕಾಶ ನೋಡಿ ಹಸಿರು ಬಾವುಟ ಬೀಸಿದಳು. ತಮ್ಮ ಇಳಿದ. ಆ ತುದಿಯ ತಗ್ಗಿನಲ್ಲಿ ಚಕ್ರ ಹೂತಿತು.

ಬಲಗಾಲಿನ ಮಂಡಿ ಪುಡಿಯಾಗಿತ್ತು. ಆ ಕಾಲು ಮತ್ತೆ ಮಡಚಲಿಲ್ಲ. ಅವತ್ತು ರಾತ್ರಿ ಆಸ್ಪತ್ರೆಯಿಂದ ಬಂದ ಅಪ್ಪ ಅಕ್ಕನನ್ನು ಏನೂ ಕೇಳಲಿಲ್ಲ. ಪುಸ್ತಕ ತೆರೆದು, ನೆಲ ನೋಡಿದವರು ಎಂಬಲ್ಲಿ 'ನಾನು' ಎಂದು ತನ್ನ ಅಕ್ಷರದಲ್ಲೇ ಬರೆದು ಮುಚ್ಚಿದ. ಸಾಯುವವರೆಗೂ ಮಗನ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಆ ತಪ್ಪನ್ನು ಹೊತ್ತುಕೊಂಡು ಓಡಾಡಿದ. ಮರುವರ್ಷ ಒಬ್ಬನೇ ನಿಂತು ಆ ತಗ್ಗಿನ ಉದ್ದಕ್ಕೂ ಕಾಲುವೆ ತೋಡಿಸಿದ. ಆಮೇಲೆ ಆ ತುದಿಯಲ್ಲಿ ನೀರು ನಿಂತದ್ದೇ ಇಲ್ಲ. ಫೋನು ಮಾಡುತ್ತಿದ್ದವನು ಅದೇ ವರ್ಷ ಬೇರೆ ಕಡೆ ಮದುವೆಯಾದ. ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ, ಹೇಳಲು ಏನೂ ಇರಲಿಲ್ಲ.

ತಮ್ಮ ಪೇಟೆಯಲ್ಲಿ ನಲ್ಲಿ, ಪೈಪು, ಬಚ್ಚಲಮನೆ ಸಾಮಾನಿನ ಅಂಗಡಿ ಇಟ್ಟ. ವ್ಯಾಪಾರ ಕೈ ಹಿಡಿಯಿತು. ಮೈದಾನದ ಆ ತುದಿಯಾಚೆ ಬಡಾವಣೆ ಬಂದಾಗ ಮನೆಮನೆಯ ನಲ್ಲಿಯೂ ಅವನ ಅಂಗಡಿಯದೇ. ಬಡಾವಣೆಯವರಿಗೆ ರಸ್ತೆ ಅಗಲ ಮಾಡಲು ಕಾಲುವೆ ಅಡ್ಡವಾಯಿತು. ಜಮೀನಿನ ಇಬ್ಬರು ವಾರಸುದಾರರಲ್ಲಿ ಒಬ್ಬರ ಒಪ್ಪಿಗೆ ಸಾಕು ಅಂದರಂತೆ. ತಮ್ಮ ಸಹಿ ಹಾಕಿದ. ಎರಡು ದಿನದಲ್ಲಿ ಕಲ್ಲು ಮಣ್ಣು ಸುರಿದು ಕಾಲುವೆ ಮುಚ್ಚಿದರು. ಅಕ್ಕ ಕೇಳಲು ಹೋದಾಗ ಅವನು ಗಿರಾಕಿಗೆ ಷವರ್ ತೋರಿಸುತ್ತಿದ್ದ.

"ಕಾಲುವೆ ಯಾಕೆ ಬೇಕು ನಿನಗೆ? ವಿಮಾನ ಎಲ್ಲಿ ಬರ್ತಿದೆ?" ಅಂದ.

ಆ ಮನೆಗಳಿಗೆ ಬಂದವರು ಮೊದಲು ಮಾಡಿದ ಕೆಲಸ, ವಿಮಾನದ ಸದ್ದು ತಡೆಯಲಾಗುತ್ತಿಲ್ಲ ಎಂದು ಅರ್ಜಿ ಬರೆದದ್ದು.

ಕಾಗದ ಬಂದ ದಿನವೇ ಅಕ್ಕ ಮಿಡತೆಗೆ ಫೋನು ಮಾಡಿದಳು. ಅವನ ಸ್ವಂತ ಮೈದಾನವೂ ಹೋಗಿ, ವಿಮಾನವನ್ನು ದೂರದ ಕಾಂಕ್ರೀಟು ನಿಲ್ದಾಣದ ಮೂಲೆಯಲ್ಲಿ ನಿಲ್ಲಿಸಿದ್ದ. ಬೇರೆ ಯಾರೂ ಉಳಿದಿರಲಿಲ್ಲ. ಅವನದೂ ತಿಂಗಳ ಕೊನೆಗೆ ವೈದ್ಯಕೀಯ ಸರ್ಟಿಫಿಕೇಟು ಮುಗಿಯುತ್ತಿತ್ತು; ಕಣ್ಣು ಒಂದು ಮಂಜಾಗಿತ್ತು, ಮತ್ತೆ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಚಿಂತೆ ಬಿಡು. ಬಂದು ಮೂರು ಸಲ ಇಳಿದು ಒಂದು ಸಹಿ ಹಾಕಿ ಹೋಗ್ತೀನಿ," ಅಂದ.

ಹತ್ತನೇ ತಾರೀಖು ಹೊರಟವನು ಎಂಜಿನ್ ಕೆಮ್ಮಿದ್ದಕ್ಕೆ ಅರ್ಧ ದಾರಿಯಿಂದ ವಾಪಸ್ ಹೋದ. ಬಿಡಿಭಾಗ ಬರಲು ಎರಡು ವಾರ ಹಿಡಿಯಿತು. ಇಪ್ಪತ್ತಾರು, ಇಪ್ಪತ್ತೇಳು ಮಂಜು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎಡೆಬಿಡದೆ ಮಳೆ. ಮೂವತ್ತನೇ ತಾರೀಖು ಬೆಳಗ್ಗೆ ಎದ್ದು ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಬಿಸಿಲು ಬಿತ್ತು, ಗಾಳಿಯೂ ಬೀಸಿತು. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಒಣಗಿ ಹೊಳೆಯುತ್ತಿತ್ತು. ಮಿಡತೆ ಫೋನು ಮಾಡಿ, ಹೊರಟೆ ಅಂದ.

ಮೂರು ಗಂಟೆಗೆ ತಮ್ಮನ ಕಾರು ಬಂತು. ಅವನು ಇಳಿಯುವ ರೀತಿಯೇ ಬೇರೆ: ಮೊದಲು ಕಡ್ಡಿಯಂತಹ ಬಲಗಾಲು ಹೊರಗೆ ಬರಬೇಕು, ಆಮೇಲೆ ಉಳಿದವನು.

"ಏನಕ್ಕಾ, ನಿನ್ನ ಮಿಡತೆ ಬಂತಾ?"

"ಹೊರಟಿದೆ. ನೀನ್ಯಾಕೆ ಬಂದೆ?"

"ನನ್ನ ಅರ್ಧ ನೋಡ್ಕೊಂಡು ಹೋಗೋಣ ಅಂತ." ಆಫೀಸಿನ ಮುಂದೆ ಕುರ್ಚಿ ಎಳೆದುಕೊಂಡು, ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿ ಕೂತ. ಕೈಯಲ್ಲಿ ಚಹಾದ ಫ್ಲಾಸ್ಕು. "ಹೆದರ್ಕೋಬೇಡ. ಇಳಿದ್ರೆ ಚಪ್ಪಾಳೆ ಹೊಡೆದು ಹೋಗ್ತೀನಿ. ಇಳೀದಿದ್ರೆ ಚಪ್ಪಾಳೆ ಇಲ್ಲದೆ ಹೋಗ್ತೀನಿ."

ಅಕ್ಕ ಶೂ ಹಾಕಿಕೊಂಡು ನೆಲ ನೋಡಲು ಹೊರಟಳು. ಶೆಡ್ಡಿನ ಕಡೆಯಿಂದ ಶುರುಮಾಡಿದಳು. ಒಂದು, ಒಣ. ಎರಡು, ಒಣ. ಹತ್ತಾಯಿತು, ಇಪ್ಪತ್ತಾಯಿತು. ಮೂವತ್ತನೆಯದರ ಹತ್ತಿರ ಅವಳು ಯಾವತ್ತೂ ಮಾಡುವ ಹಾಗೆ ಒಂದು ಗಳಿಗೆ ಹೆಚ್ಚು ನಿಂತಳು. ನಲವತ್ತೂ ಒಣ. ನಲವತ್ತೊಂದನೆಯದಕ್ಕೆ ಹಿಮ್ಮಡಿ ಒತ್ತಿ ಎಣಿಸತೊಡಗಿದಳು. ಆರು ಎಣಿಸುವಷ್ಟರಲ್ಲಿ ಗುರುತಿನ ಅಂಚಿನಿಂದ ನೀರು ಒಸರಿತು. ಏಳು ಅನ್ನುವಾಗ ತುಂಬಿತು.

ಒತ್ತಿದ್ದು ಸರಿಯಾಗಲಿಲ್ಲವೇನೋ ಎಂದು ಪಕ್ಕದಲ್ಲಿ ಒತ್ತಿದಳು. ಇನ್ನೊಂದು ಪಕ್ಕಕ್ಕೆ ಹೋಗಿ ಒತ್ತಿದಳು. ನಲವತ್ತೈದರ ಹತ್ತಿರ ಹಿಮ್ಮಡಿ ಪೂರ್ತಿ ಒಳಗೆ ಹೋಯಿತು. ಬಡಾವಣೆಯ ಗೋಡೆಯವರೆಗೂ ಹಾಗೇ. ಅವಳು ಅರವತ್ತನ್ನೂ ಎಣಿಸಿದಳು. ಆಗಲೇ ಗೊತ್ತಾಗಿತ್ತು, ಆದರೂ ಎಣಿಸಿದಳು.

ಗಾಳಿಚೀಲ ಬಡಾವಣೆಯ ಕಡೆಗೆ ಬಾಲ ಚಾಚಿಕೊಂಡಿತ್ತು. ಅಂದರೆ ಗಾಳಿಗೆ ಎದುರಾಗಿ ಬರುವ ವಿಮಾನ ಆ ಮನೆಗಳ ಮೇಲಿಂದಲೇ ಬರಬೇಕು. ಚಕ್ರ ಮೊದಲು ತಾಗುವುದೇ ಆ ಕೆಸರಿಗೆ. ಅದನ್ನು ದಾಟಿ ಮುಂದೆ ಇಳಿಸೋಣವೆಂದರೆ ಮಿಡತೆಯ ಮೂರು ಕುಪ್ಪಳಿಕೆ ಮುಗಿಯುವಷ್ಟರಲ್ಲಿ ಶೆಡ್ಡಿನ ಗೋಡೆ. ಈ ಕಡೆಯಿಂದ ಗಾಳಿಯ ಜೊತೆ ಇಳಿಸಿದರೆ ವಿಮಾನ ನಿಲ್ಲದೆ ಹೋಗಿ ಅದೇ ಕೆಸರಿಗೆ ನುಗ್ಗುತ್ತದೆ. ಅವಳು ಮೂರನ್ನೂ ಮನಸ್ಸಿನಲ್ಲಿ ನಡೆಸಿ ನೋಡಿದಳು. ಮೂರರಲ್ಲೂ ವಿಮಾನ ಉಳಿಯಲಿಲ್ಲ.

ವಾಪಸ್ ಬರುವಾಗ ದೂರದಲ್ಲಿ ಸದ್ದು ಕೇಳಿಸಿತು. ವರ್ಷದ ಮೇಲೆ ಕೇಳುತ್ತಿದ್ದ ಸದ್ದು. ಆಫೀಸಿನ ಮೇಜಿನ ಮೇಲಿದ್ದ ವೈರ್‌ಲೆಸ್ ಕರಕರ ಅಂದಿತು.

"ಅಕ್ಕಾ, ಮಿಡತೆ. ಕೇಳ್ತಿದೆಯಾ?"

"ಕೇಳ್ತಿದೆ."

"ನೆಲ ಹೇಗಿದೆ?"

ಅವಳು ಗುಂಡಿ ಒತ್ತಿ ಹಿಡಿದಳು. ಬಿಟ್ಟಳು. ಬಾಗಿಲಾಚೆ ಕೂತಿದ್ದ ತಮ್ಮ ತಿರುಗಿ ನೋಡದೆಯೇ ಹೇಳಿದ, "ಇಳಿಸು. ನನ್ನನ್ನ ಇಳಿಸ್ಲಿಲ್ವಾ?"

ಹಳದಿ ವಿಮಾನ ತಲೆಯ ಮೇಲೆ ಹಾದುಹೋಯಿತು. ಅಕ್ಕ ಮತ್ತೆ ಗುಂಡಿ ಒತ್ತಿದಳು.

"ನೆಲ ಮೆತ್ತಗಿದೆ. ವಾಪಸ್ ಹೋಗು."

ಆ ಕಡೆಯಿಂದ ಎಂಜಿನ್ನಿನ ಗುಂಯ್‌ಗುಡುವಿಕೆ. ಆಮೇಲೆ ಮಿಡತೆ ನಲವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ಎರಡನೇ ಸಲ ಕೇಳಿದ.

"ಮೇಲಿಂದ ಜಮಖಾನ ಹಾಸಿದ ಹಾಗೆ ಕಾಣ್ತಿದೆ ಕಣೇ. ಪೂರ್ತಿ ನಡೆದ್ಯಾ?"

ಈಗ ತಮ್ಮ ತಿರುಗಿ ನೋಡಿದ.

"ಪೂರ್ತಿ ನಡೆದೆ," ಅಂದಳು ಅಕ್ಕ.

"ನೋಡು, ನನಗೆ ಅರವತ್ತೇಳು. ನಾಳೆಯಿಂದ ಹೇಗೂ ಹಾರೋ ಹಾಗಿಲ್ಲ. ಮಗುಚಿದ್ರೆ ಮಗುಚ್ಲಿ, ಇಳಿದದ್ದು ಇಳಿದದ್ದೇ ತಾನೇ? ಕೈ ಒಂದು ನೆಟ್ಟಗಿದ್ರೆ ಸಹಿ ಹಾಕ್ತೀನಿ."

"ಬಾಯಿ ಮುಚ್ಚು. ಇಂಧನ ಎಷ್ಟಿದೆ?"

"ವಾಪಸ್ ಹೋಗೋಕೆ ಆಗುತ್ತೆ. ಹತ್ತು ನಿಮಿಷ ಹೆಚ್ಚು ಕಡಿಮೆ." ಅವನು ಇನ್ನೊಂದು ಸುತ್ತು ಹಾಕಿದ. ಬಡಾವಣೆಯ ಮಾಳಿಗೆಗಳ ಮೇಲೆ ಜನ ಬಂದು ನಿಂತಿದ್ದರು. "ಹಾಗಾದ್ರೆ ಒಂದು ಕೆಲಸ ಮಾಡು. ಪುಸ್ತಕದಲ್ಲಿ ಬರಿ. ನಾಲ್ಕು ಗಂಟೆಗೆ ಇಳಿದ, ನಾಲ್ಕೂವರೆಗೆ ಹೊರಟ ಅಂತ. ನಾಳಿದ್ದು ಬಸ್ಸಲ್ಲಿ ಬಂದು ಸಹಿ ಹಾಕಿ, ಚಹಾ ಕುಡಿದು ಹೋಗ್ತೀನಿ. ಕೇಳಿಸ್ತಾ?"

"ಕೇಳಿಸ್ತು. ಹೋಗು ನೀನು."

"ಬರೀತೀಯಾ?"

ಅವಳು ಗುಂಡಿ ಬಿಟ್ಟು ಬಾಗಿಲಿಗೆ ಬಂದಳು. ಮೂರನೇ ಸುತ್ತಿನಲ್ಲಿ ವಿಮಾನ ತೀರಾ ಕೆಳಗೆ ಬಂತು. ಅವನ ಬಿಳಿ ಕೂದಲು ಕಂಡಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ಆಡಿಸಿ ಮೇಲೇರಿತು. ಹಳದಿ ಚುಕ್ಕೆ ಕರಗುವವರೆಗೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸೂರ್ಯ ಮುಳುಗಲು ಇನ್ನೂ ಎರಡು ಗಂಟೆ ಇತ್ತು. ಎರಡು ಗಂಟೆಯಲ್ಲಿ ನೆಲ ಒಣಗುವುದಿಲ್ಲ.

ಒಳಗೆ ಬಂದು ಪುಸ್ತಕ ತೆರೆದಳು. ಪೆನ್ನಿನ ಮುಚ್ಚಳ ತೆಗೆದಳು.

"ಬರಿ ಬೇಕಾದ್ರೆ," ಅಂದ ತಮ್ಮ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ನಾನೇನು ಹೋಗಿ ಚಾಡಿ ಹೇಳಲ್ಲ. ಸುಳ್ಳು ಅಭ್ಯಾಸ ಇರೋ ಪುಸ್ತಕ ತಾನೇ."

ಅವಳ ಕೈ ನಿಂತಿತು. ತಲೆ ಎತ್ತಿ ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕಾರಿನ ಕಡೆಗೆ ನಡೆದ. ಹುಲ್ಲಿನ ಮೇಲೆ ಒಂದು ಹೆಜ್ಜೆ ಊರುವ ಸದ್ದು, ಒಂದು ಹೆಜ್ಜೆ ಎಳೆಯುವ ಸದ್ದು. ಕಾರು ಹೋದ ಮೇಲೆ ಅವಳು ಬರೆದಳು: 'ಬಂದ. ಮೂರು ಸುತ್ತು ಹಾಕಿದ. ನೆಲ ಮೆತ್ತಗೆ. ವಾಪಸ್ ಕಳಿಸಿದೆ. ನೆಲ ನೋಡಿದವರು: ನಾನು.'

ಮಿಡತೆ ಹೇಳಿದ ದಿನ ಬಸ್ಸಿನಲ್ಲಿ ಬಂದ. ಪುಸ್ತಕ ನೋಡಿದ. ಕೈಯಲ್ಲಿ ಹಿಡಿದುಕೊಂಡಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಚಹಾವನ್ನೂ ಕುಡಿಯದೆ ಮುಂದಿನ ಬಸ್ಸಿಗೆ ಹೋದ.

ಮರುವಾರ ಅಧಿಕಾರಿ ಬಂದ. ಮಧ್ಯವಯಸ್ಸಿನ, ಬೆವರುವ, ಕೆಟ್ಟವನಲ್ಲದ ಮನುಷ್ಯ. ಕಾಗದಗಳಿಗೆ ಇಬ್ಬರು ವಾರಸುದಾರರೂ ಇರಬೇಕಾದ್ದರಿಂದ ತಮ್ಮನೂ ಬಂದಿದ್ದ. ಅಧಿಕಾರಿ ಪುಸ್ತಕವನ್ನು ಹಿಂದಿನಿಂದ ತೆರೆದು, ಕೊನೆಯ ಸಾಲನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.

"ಇದೇನಮ್ಮಾ ಇದು?"

"ಅವತ್ತು ನಡೆದದ್ದು."

"ವಿಮಾನ ಬಂದಿತ್ತಾ?"

"ಬಂದಿತ್ತು."

"ಮತ್ತೆ?" ಅವನು ಚೀಲದ ಬಾಯಿ ಬಿಚ್ಚಿ ಒಂದು ರಬ್ಬರು ಸೀಲು ತೆಗೆದು ಮೇಜಿನ ಮೇಲಿಟ್ಟ. "ನವೀಕರಣದ ಸೀಲು. ಹಾಕಿ ಹೋಗೋಣ ಅಂತಲೇ ತಂದಿದ್ದೆ. ಒಂದು ಸಾಲು, ಒಂದು ಸಹಿ ಇದ್ದಿದ್ರೆ ಆಗೋದು. ನಾವೇನು ನೆಲಕ್ಕೆ ಕಿವಿ ಕೊಟ್ಟು ಕೇಳ್ತೀವಾ, ಚಕ್ರ ಉರುಳಿತ್ತಾ ಅಂತ? ಇಡೀ ವರ್ಷದ್ದನ್ನ ಒಂದೇ ದಿನ ಒಂದೇ ಪೆನ್ನಲ್ಲಿ ಬರೆದ ಪುಸ್ತಕಕ್ಕೂ ಸೀಲು ಹಾಕಿದೀನಿ." ಅವನ ದನಿಯಲ್ಲಿ ಸಿಟ್ಟಿತ್ತು, ತನ್ನ ಕೈಯಿಂದ ಬೇಡದ ಕೆಲಸ ಮಾಡಿಸುತ್ತಿದ್ದಾಳೆ ಎಂಬ ಸಿಟ್ಟು. "ನೀವೇ ವಾಪಸ್ ಕಳಿಸಿದೆ ಅಂತ ಬರೆದ್ರೆ ನಾನೇನು ಮಾಡ್ಲಿ?"

ಅಕ್ಕ ಸೀಲನ್ನೇ ನೋಡುತ್ತಿದ್ದಳು. ಮರದ ಹಿಡಿ, ಅಂಚಿನಲ್ಲಿ ಒಣಗಿದ ನೇರಳೆ ಶಾಯಿ. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಸೀಲು ತೆಗೆದ.

"ಹದಿನೈದು ದಿನದೊಳಗೆ ಗಾಳಿಚೀಲ ಇಳಿಸಬೇಕು. ರನ್‌ವೇಯ ಎರಡೂ ತುದಿಯಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡ ಕತ್ತರಿ ಗುರುತು, ಎರಡು ಗೀಟು ಒಂದರ ಮೇಲೊಂದು ಅಡ್ಡಡ್ಡ. ಮೇಲಿಂದ ನೋಡಿದವರಿಗೆ ಮುಚ್ಚಿದೆ ಅಂತ ತಿಳೀಬೇಕು. ಒಂದೊಂದು ಗೀಟು ಹದಿನೆಂಟು ಮೀಟರು. ನೀವೇ ಹಾಕಿಸಬೇಕು."

ಅವನು ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು. ತಮ್ಮ ನಕ್ಷೆಯ ಮುಂದೆ ನಿಂತು ತೂತುಗಳನ್ನು ನೋಡುತ್ತಿದ್ದ.

"ಒಂದು ಸುಳ್ಳು ಬರಿಯೋಕೆ ಆಗ್ಲಿಲ್ವಲ್ಲ ನಿನಗೆ," ಅಂದ. "ನಿನಗೋಸ್ಕರ ಅಪ್ಪ ಬರೆದ."

"ಅಪ್ಪ ಏನು ಬರೆದ?"

"ನಾಟಕ ಬೇಡಕ್ಕ. ಅವತ್ತು ನಾನು ಮೇಲಿದ್ದೆ. ಮೇಲಿಂದ ಎಲ್ಲ ಕಾಣ್ಸುತ್ತೆ. ನಿನ್ನ ಹಳದಿ ಸ್ವೆಟರು ಅರ್ಧ ದಾರಿಗೆ ಬಂತು, ನಿಂತ್ಕೊಂಡ್ತು, ತಿರುಗಿ ಓಡಿಹೋಯ್ತು. ಅಪ್ಪ ಶೆಡ್ಡಿಂದ ಹೊರಗೇ ಬಂದಿರ್ಲಿಲ್ಲ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಕೇಳಿದಳು, "ನೋಡಿದವನು ಮತ್ತೆ ಯಾಕೆ ಇಳಿದೆ?"

"ಹಸಿರು ಬಾವುಟ ಬೀಸ್ದೆಯಲ್ಲ. ಉಳಿದರ್ಧ ಮೊದಲೇ ನಡೆದಿರ್ತಾಳೆ ಅಂದ್ಕೊಂಡೆ." ಅವನು ಗುಂಡುಸೂಜಿಯನ್ನು ಬೆರಳ ತುದಿಯಿಂದ ಮುಟ್ಟಿದ. "ಅಕ್ಕ ಅಲ್ವಾ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ಅಪ್ಪ ಸತ್ತಾಗ ಹೇಳ್ತೀಯ ಅಂದ್ಕೊಂಡೆ. ಆಗ್ಲೂ ಹೇಳ್ಲಿಲ್ಲ. ಅಪ್ಪನ ಹತ್ರ ನಾನು ಹನ್ನೊಂದು ವರ್ಷ ಸರಿಯಾಗಿ ಮಾತಾಡ್ಲಿಲ್ಲ, ಗೊತ್ತಾ? ತಪ್ಪು ಅವನದಲ್ಲ ಅಂತ ಗೊತ್ತಿದ್ದೂ. ಅವನು ಸುಳ್ಳು ಹೇಳಿದ ಅಂತ. ಆ ಸುಳ್ಳನ್ನ ನನಗೋಸ್ಕರ ಹೇಳ್ಲಿಲ್ಲ ಅಂತ."

ಹೊರಗೆ ಬಡಾವಣೆಯ ಕಡೆ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು.

"ಕಾಲುವೆ ಮುಚ್ಚೋಕೆ ಸಹಿ ಹಾಕಿದ್ದು ಅದಕ್ಕೇನಾ?"

"ನಲ್ಲಿ ಮಾರೋಕೆ ಹಾಕಿದ್ದು." ಸ್ವಲ್ಪ ಯೋಚಿಸಿದ. "ಅದಕ್ಕೂ ಇರಬಹುದು. ನನಗೂ ಸರಿಯಾಗಿ ಗೊತ್ತಿಲ್ಲ."

"ಅವತ್ತು ಮಿಡತೇನ ಇಳಿಸು ಅಂದೆಯಲ್ಲ. ಇಳಿಸಿದ್ರೆ?"

"ಇಳಿಸಲ್ಲ ಅಂತ ಗೊತ್ತಿತ್ತು," ಅಂದ ತಮ್ಮ. "ಬೇರೆಯವರ ಮಗನಿಗಾದ್ರೆ ಪೂರ್ತಿ ನಡೀತೀಯ."

ಹಾಗಂದು ಕಾಲು ಎಳೆದುಕೊಂಡು ಹೊರಗೆ ಹೋದ. ಅವನ ಕಾರು ತಿರುಗಿ ರಸ್ತೆ ಸೇರುವವರೆಗೂ ಅಕ್ಕ ಮೇಜಿನ ಅಂಚು ಬಿಡಲಿಲ್ಲ. ತಪ್ಪಾಯಿತು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಇಪ್ಪತ್ತೆರಡು ವರ್ಷ ಬಾಯೊಳಗೇ ಇದ್ದು ಅದರ ರುಚಿ ಹೋಗಿತ್ತು. ಈಗ ಹೇಳಿದ್ದರೂ ಅವನ ಅರ್ಧ ಮಾರದಂತೆ ತಡೆಯಲು ಹೇಳಿದ ಹಾಗೆ ಕೇಳಿಸುತ್ತಿತ್ತು.

ಹದಿನಾಲ್ಕನೇ ದಿನ ಅವಳು ಗಾಳಿಚೀಲ ಇಳಿಸಿದಳು. ಅದನ್ನು ಹೊಲಿದು ಮೂರು ತಿಂಗಳೂ ಆಗಿರಲಿಲ್ಲ. ಮಡಚಿ ಕಪಾಟಿನಲ್ಲಿಟ್ಟಳು. ಆಮೇಲೆ ಸುಣ್ಣ ಕಲಸಿ, ಬಕೆಟ್ಟು, ದಾರ, ಗೂಟ, ಅಗಲ ಕುಂಚ ತೆಗೆದುಕೊಂಡು ಮೊದಲು ಶೆಡ್ಡಿನ ಕಡೆಯ ಗುರುತು ಹಾಕಿದಳು. ದಾರ ಹಿಡಿದು ಅಳೆದು, ಗೀಟು ಎಲ್ಲೂ ಸೊಟ್ಟಗಾಗದಂತೆ ಹಾಕಿದಳು. ಯಾರೂ ತಪ್ಪಿ ಇಳಿಯಬಾರದು. ಇಳಿಯಲು ಯಾರೂ ಉಳಿದಿಲ್ಲ ಎಂಬುದು ಬೇರೆ ಮಾತು. ಮಿಡತೆಯ ವಿಮಾನವನ್ನು ಒಂದು ಹೋಟೆಲಿನವರು ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಒಯ್ದಿದ್ದರು, ಮಕ್ಕಳು ಹತ್ತಿ ಆಡಲಿ ಎಂದು.

ಬಕೆಟ್ಟು ಹಿಡಿದು ಆ ತುದಿಗೆ ಬಂದಾಗ ಬಡಾವಣೆಯ ಗೋಡೆಯಾಚೆಯಿಂದ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಾ ಕೇಳಿದಳು.

"ಏನ್ರೀ, ಆಟದ ಮೈದಾನ ಮಾಡ್ತಿದೀರಾ?"

"ಇಲ್ಲ. ಮುಚ್ತಿದೀವಿ."

"ಸದ್ಯ. ಇನ್ನು ಆ ವಿಮಾನದ ಸದ್ದು ಇರಲ್ಲ ಅಲ್ವಾ?"

"ಒಂದು ವರ್ಷದಿಂದ ಇಲ್ಲಿ ವಿಮಾನ ಬಂದಿಲ್ಲ. ಮೊನ್ನೆ ಬಂದದ್ದೊಂದೇ. ಅದೂ ಇಳೀಲಿಲ್ಲ."

"ಹೌದಾ?" ಹೆಂಗಸಿಗೆ ನಂಬಿಕೆ ಬರಲಿಲ್ಲ. "ನಮಗೆ ದಿನಾ ಕೇಳಿಸ್ತಿತ್ತಪ್ಪ."

ಅಕ್ಕ ಬಕೆಟ್ಟು ಕೆಳಗಿಟ್ಟಳು. ಎರಡು ವಾರ ಮಳೆ ಇರಲಿಲ್ಲ, ಬಿಸಿಲು ಚೆನ್ನಾಗಿತ್ತು. ಗೂಟ ಹೊಡೆಯುವ ಮೊದಲು, ಯಾರೂ ಕೇಳದಿದ್ದರೂ, ವಾಪಸ್ ಶೆಡ್ಡಿನವರೆಗೆ ಹೋಗಿ ಅಲ್ಲಿಂದ ನಡೆಯುತ್ತಾ ಬಂದಳು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿ ಒತ್ತಿದಳು. ಒಂದೊಂದಕ್ಕೂ ಹತ್ತು ಎಣಿಸಿದಳು. ಮೂವತ್ತರಲ್ಲಿ ನಿಲ್ಲಲಿಲ್ಲ. ನಲವತ್ತೊಂದು ದಾಟಿದಳು. ಅ‌ರವತ್ತನೆಯದನ್ನು ಗೋಡೆಯ ಪಕ್ಕದಲ್ಲಿ, ಬಲವೆಲ್ಲ ಹಾಕಿ ಒತ್ತಿದಳು.

ನೆಲ ಕಲ್ಲಿನ ಹಾಗಿತ್ತು. ಗುರುತೂ ಮೂಡಲಿಲ್ಲ. ಅವಳು ಕುಂಚ ಎತ್ತಿಕೊಂಡಳು.